ಎರಡು ಲೇಖನ, ಒಂದು ಮನೆತನ ಮತ್ತು ಜಾಲಹಳ್ಳಿಯ ದ್ರವ ಸ್ಫಟಿಕ

ಬೆಂಗಳೂರಿನಲ್ಲಿ ಕುಳಿತು ಬರೆದ, ಬೆಂಗಳೂರಿನ ಪತ್ರಿಕೆಗಳಲ್ಲೇ ಅಚ್ಚಾದ ಎರಡು ಭೌತವಿಜ್ಞಾನ ಲೇಖನಗಳ ಕಥೆ ಇದು. ಮೊದಲನೆಯದು 1956ರದು. ಬರೆದವರು ಎಸ್. ಪಂಚರತ್ನಂ, ವಯಸ್ಸು 22, ವಿಷಯ ಧ್ರುವೀಕೃತ ಬೆಳಕು. ಎರಡನೆಯದು 1977ರದು. ಬರೆದವರು ಪಂಚರತ್ನಂ ಅವರ ಅಣ್ಣ ಎಸ್. ಚಂದ್ರಶೇಖರ್, ಜೊತೆಗೆ ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್, ವಿಷಯ ಬಿಲ್ಲೆಯಾಕಾರದ ಅಣುಗಳ ದ್ರವ ಸ್ಫಟಿಕ. ಎರಡೂ ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಗಳಲ್ಲಿ ಬಂದವು. ಮೊದಲನೆಯದನ್ನು ಜಗತ್ತು ಸರಿಯಾಗಿ ಓದಲು 30 ವರ್ಷ ಬೇಕಾಯಿತು. ಎರಡನೆಯದರ ಸುದ್ದಿ ವರ್ಷ ತುಂಬುವುದರೊಳಗೆ ಫ್ರಾನ್ಸ್ ತಲುಪಿ, ಅಲ್ಲಿನ ಪ್ರಯೋಗಾಲಯಗಳಲ್ಲಿ ಹೊಸ ಅಣುಗಳು ತಯಾರಾಗತೊಡಗಿದವು.

ನಮ್ಮ ಪತ್ರಿಕೆಗಳಲ್ಲಿ ಬರೆದರೆ ಹೊರಗಿನವರು ಓದುವುದಿಲ್ಲ ಎಂಬ ಮಾತು ವಿಜ್ಞಾನಿಗಳ ವಲಯದಲ್ಲಿ ಹಳೆಯದು. ಪಂಚರತ್ನಂ ಅವರ ಹೆಸರು ಬಂದಾಗಲೆಲ್ಲ ಇದೇ ಮಾತು ಎದುರಾಗುತ್ತದೆ. ಹಾಗಿದ್ದರೆ 1977ರ ಲೇಖನವೂ ಅದೇ ಧೂಳು ತಿನ್ನಬೇಕಿತ್ತಲ್ಲ? ಅದು ತಿನ್ನಲಿಲ್ಲ. ವ್ಯತ್ಯಾಸ ಇದ್ದದ್ದು ಪತ್ರಿಕೆಯಲ್ಲಲ್ಲ. ಲೇಖನದ ಸುತ್ತ ಯಾರಿದ್ದರು, ಎಷ್ಟು ಜನರಿದ್ದರು ಎಂಬುದರಲ್ಲಿ.

ರಾಮನ್ ಅವರ ತಂಗಿ ಸೀತಾಲಕ್ಷ್ಮಿಯ ಮಕ್ಕಳಲ್ಲಿ ಮೂವರು ಭೌತವಿಜ್ಞಾನಿಗಳಾದರು: ಎಸ್. ರಾಮಶೇಷನ್, ಎಸ್. ಚಂದ್ರಶೇಖರ್, ಎಸ್. ಪಂಚರತ್ನಂ. ಮೂವರೂ ಹುಟ್ಟಿದ್ದು ಕಲ್ಕತ್ತೆಯಲ್ಲಿ, ಕ್ರಮವಾಗಿ 1923, 1930 ಮತ್ತು 1934ರಲ್ಲಿ. ನಕ್ಷತ್ರಗಳ ಅಧ್ಯಯನಕ್ಕೆ ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಬೇರೆ; ಅವರು ರಾಮನ್ ಅವರ ಅಣ್ಣನ ಮಗ, ಈ ಮೂವರಿಗೆ ಸೋದರಮಾವನ ಮಗ. ಹೆಸರಿನ ಈ ಗೊಂದಲದಿಂದ ದ್ರವ ಸ್ಫಟಿಕದ ಚಂದ್ರಶೇಖರ್ ಅವರಿಗೆ ಸಲ್ಲಬೇಕಾದ ಪ್ರಸಿದ್ಧಿ ಅರ್ಧ ಸೋರಿಹೋಯಿತು ಎಂದು ನನಗನ್ನಿಸುತ್ತದೆ.

ರಾಮನ್ 1948ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ನಿವೃತ್ತರಾಗಿ ಹೆಬ್ಬಾಳದ ಬಳಿ, ಮೈಸೂರು ಸಂಸ್ಥಾನ ಕೊಟ್ಟಿದ್ದ ಜಾಗದಲ್ಲಿ, ತಮ್ಮದೇ ಸಂಶೋಧನಾ ಸಂಸ್ಥೆ ತೆರೆದರು. ಸರ್ಕಾರದ ಹಣ ಬೇಡ ಎಂಬ ಹಟ. ಆರಂಭದ ದಿನಗಳಲ್ಲಿ ಕಟ್ಟಡಕ್ಕೆ ವಿದ್ಯುತ್ ಸಂಪರ್ಕವೂ ಇರಲಿಲ್ಲ. ಬಿಸಿಲನ್ನು ಕನ್ನಡಿಯಿಂದ ಒಳಕ್ಕೆ ತಿರುಗಿಸಿ ಸ್ಫಟಿಕಗಳ ಮೇಲೆ ಪ್ರಯೋಗ ನಡೆಯುತ್ತಿತ್ತು. ದುಬಾರಿ ಯಂತ್ರಗಳಿಲ್ಲದ ಮನೆಯಲ್ಲಿ ಬೆಳೆಯುವ ವಿಜ್ಞಾನ ಯಾವುದು? ಹರಳುಗಳು, ಬಣ್ಣ, ಧ್ರುವೀಕರಣ. ಪಂಚರತ್ನಂ ಹಿಡಿದದ್ದು ಅದನ್ನೇ. ಬೆಳಕನ್ನು ಭಾಗಶಃ ಹೀರಿಕೊಳ್ಳುವ ಅಯೋಲೈಟ್‌ನಂಥ ಹರಳಿನೊಳಗೆ ಬೆಳಕಿನ ಕಿರಣಗಳು ಒಂದರ ಮೇಲೊಂದು ಬಿದ್ದಾಗ ಕಾಣುವ ವಿಚಿತ್ರ ವಿನ್ಯಾಸಗಳನ್ನು ವಿವರಿಸಲು ಹೋಗಿ, ಅವರಿಗೆ ವ್ಯತಿಕರಣದ ಸಿದ್ಧಾಂತವನ್ನೇ ಬುಡದಿಂದ ಕಟ್ಟಬೇಕಾಗಿ ಬಂತು.

ಸಮಸ್ಯೆ ಇಷ್ಟು. ಬೆಳಕು ವಿದ್ಯುತ್ಕಾಂತೀಯ ಅಲೆ. ಅದರ ವಿದ್ಯುತ್ ಕ್ಷೇತ್ರ ಒಂದೇ ಗೆರೆಯಲ್ಲಿ ತೂಗಬಹುದು, ಸುತ್ತ ತಿರುಗಬಹುದು, ಎರಡರ ನಡುವೆ ದೀರ್ಘವೃತ್ತ ಬರೆಯಬಹುದು. ಒಂದೇ ಬಗೆಯ ಧ್ರುವೀಕರಣವುಳ್ಳ ಎರಡು ಕಿರಣಗಳು ಹೆಜ್ಜೆಗೆ ಹೆಜ್ಜೆ ಹಾಕುತ್ತಿವೆಯೇ ಎಂದು ಹೇಳುವುದು ಸುಲಭ: ಉಬ್ಬು ಉಬ್ಬಿಗೆ ಸೇರಿದರೆ ಸಾಕು. ಆದರೆ ಒಂದು ಗೆರೆಯಲ್ಲಿ ತೂಗುತ್ತಿದ್ದು ಇನ್ನೊಂದು ಸುತ್ತುತ್ತಿದ್ದರೆ? ಪಂಚರತ್ನಂ ಕೊಟ್ಟ ನಿಯಮ ಸರಳ. ಎರಡನ್ನೂ ಬೆರೆಸಿ, ಮೊತ್ತದ ಬೆಳಕು ಗರಿಷ್ಠ ಪ್ರಖರವಾಗುವಂತೆ ಒಂದನ್ನು ಹಿಂದೆ ಮುಂದೆ ಸರಿಸಿ, ಆಗ ಅವು ಒಂದೇ ಪ್ರಾವಸ್ಥೆಯಲ್ಲಿವೆ ಎನ್ನಿ.

ಈ ಸರಳ ನಿಯಮದಿಂದ ಹೊರಬಿದ್ದ ಫಲಿತ ಸರಳವಾಗಿರಲಿಲ್ಲ. ಪ್ಯಾಂಕರೆ ಎಂಬ ಫ್ರೆಂಚ್ ಗಣಿತಜ್ಞ ಧ್ರುವೀಕರಣದ ಎಲ್ಲ ಬಗೆಗಳನ್ನೂ ಒಂದು ಗೋಳದ ಮೇಲಿನ ಬಿಂದುಗಳಾಗಿ ಗುರುತಿಸಿದ್ದ. ಸುತ್ತುವವು ಧ್ರುವಗಳಲ್ಲಿ, ಗೆರೆಯಲ್ಲಿ ತೂಗುವವು ಸಮಭಾಜಕದಲ್ಲಿ. ಆ ಗೋಳದ ಮೇಲೆ ಮೂರು ಬಿಂದು ಆರಿಸಿ. ಮೊದಲನೆಯದು ಎರಡನೆಯದರ ಜೊತೆ ಹೆಜ್ಜೆ ಹಾಕುತ್ತದೆ, ಎರಡನೆಯದು ಮೂರನೆಯದರ ಜೊತೆ ಹಾಕುತ್ತದೆ. ಆದರೂ ಮೂರನೆಯದು ಮೊದಲನೆಯದರ ಜೊತೆ ಹಾಕುವುದಿಲ್ಲ! ತಪ್ಪಿದ ಹೆಜ್ಜೆಯ ಪ್ರಮಾಣ ಆ ಮೂರು ಬಿಂದುಗಳ ತ್ರಿಕೋನ ಗೋಳದ ಕೇಂದ್ರದಲ್ಲಿ ಮಾಡುವ ಘನಕೋನದ ಸರಿಯಾಗಿ ಅರ್ಧ. ಕಿರಣ ಎಷ್ಟು ದೂರ ಸಾಗಿತು, ಯಾವ ಬಣ್ಣದ್ದು ಎಂಬ ಪ್ರಶ್ನೆಗಳಿಗೆ ಇಲ್ಲಿ ಕೆಲಸವೇ ಇಲ್ಲ. ಬರೀ ಜ್ಯಾಮಿತಿ.

ಇದು ಅಚ್ಚಾಯಿತು, ಮತ್ತು ಅಲ್ಲಿಗೇ ನಿಂತಿತು. ಪಂಚರತ್ನಂ 1961ರಿಂದ 1964ರವರೆಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ರೀಡರ್ ಆಗಿದ್ದರು, ಆಮೇಲೆ ಆಕ್ಸ್‌ಫರ್ಡಿನ ಸೇಂಟ್ ಕ್ಯಾಥರೀನ್ಸ್ ಕಾಲೇಜಿಗೆ ಹೋದರು. ಅಲ್ಲಿ ಜಾರ್ಜ್ ಸೀರೀಸ್ ಜೊತೆ ಪರಮಾಣು ಮತ್ತು ಬೆಳಕಿನ ಸಂಬಂಧದ ಬಗ್ಗೆ ಕೆಲಸ ಮಾಡುತ್ತಿದ್ದಾಗ 1969ರ ಮೇ ತಿಂಗಳಲ್ಲಿ ತೀರಿಕೊಂಡರು. ವಯಸ್ಸು 35. ಅವರ ಸಮಗ್ರ ಲೇಖನಗಳನ್ನು ಸೀರೀಸ್ ಅವರೇ ಸಂಪಾದಿಸಿ, 1975ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಪ್ರಕಟಿಸಿತು. ಇದನ್ನು ಬಹಳ ಮಂದಿ ಮರೆಯುತ್ತಾರೆ. 1956ರ ಆ ಲೇಖನ ಭಾರತೀಯ ಪತ್ರಿಕೆಯಲ್ಲಿ ಹೂತು ಹೋಗಿತ್ತು ಎನ್ನುವವರು, ಆಕ್ಸ್‌ಫರ್ಡಿನ ಮುದ್ರೆ ಬಿದ್ದ ಮೇಲೂ ಅದು ಇನ್ನೂ ಹನ್ನೊಂದು ವರ್ಷ ಎಚ್ಚರಾಗಲಿಲ್ಲ ಎಂಬುದಕ್ಕೆ ಏನು ಹೇಳುತ್ತಾರೆ?

ಅಣ್ಣನ ದಾರಿ ಬೇರೆಯೇ. ನಾಗಪುರದಲ್ಲಿ ಎಂ.ಎಸ್‌ಸಿ. ಮುಗಿಸಿ ರಾಮನ್ ಬಳಿ ಸಂಶೋಧನೆಗೆ ಬಂದ ಚಂದ್ರಶೇಖರ್, ಮುಂದೆ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯಕ್ಕೆ ಹೋಗಿ ಸ್ಫಟಿಕಗಳಿಂದ ಎಕ್ಸ್-ರೇ ಪ್ರತಿಫಲಿಸುವ ಬಗೆಯನ್ನು ಅಭ್ಯಾಸ ಮಾಡಿದರು. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರನ್ನು ಭೌತಶಾಸ್ತ್ರ ಸ್ನಾತಕೋತ್ತರ ವಿಭಾಗದ ಮೊದಲ ಮುಖ್ಯಸ್ಥರನ್ನಾಗಿ ಕರೆಯಿತು. ಕುವೆಂಪು ಕುಲಪತಿಯಾಗಿದ್ದಾಗ ಕನಸಿ ಹೆಸರಿಟ್ಟ ಮಾನಸಗಂಗೋತ್ರಿ ಆಗಷ್ಟೇ ಮೇಲೇಳುತ್ತಿತ್ತು. ಕ್ಯಾವೆಂಡಿಶ್‌ನ ಸಲಕರಣೆ ಇಲ್ಲಿ ಎಲ್ಲಿಂದ ಬರಬೇಕು? ಕಡಿಮೆ ಖರ್ಚಿನಲ್ಲಿ ಆಳವಾದ ಭೌತವಿಜ್ಞಾನ ಮಾಡಬಹುದಾದ ವಿಷಯವೊಂದು ಬೇಕಿತ್ತು. ಅವರು ದ್ರವ ಸ್ಫಟಿಕವನ್ನು ಆರಿಸಿಕೊಂಡರು.

ಆ ಹೊತ್ತಿಗೆ ಅದು ಬಹುಪಾಲು ಮರೆತುಹೋದ ವಿಷಯ. 1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ಫ್ರೀಡ್ರಿಶ್ ರೈನಿಟ್ಸರ್, ಕೊಲೆಸ್ಟರಾಲ್‌ನ ಒಂದು ಸಂಯುಕ್ತಕ್ಕೆ ಎರಡು ಕರಗುಬಿಂದುಗಳಿರುವುದನ್ನು ಗಮನಿಸಿದ್ದರು. 145.5 ಡಿಗ್ರಿಗೆ ಕರಗಿ ಮಬ್ಬು ದ್ರವ, 178.5 ಡಿಗ್ರಿಗೆ ತಿಳಿ ದ್ರವ. ನಡುವಿನ ಆ ಮಬ್ಬು ಸ್ಥಿತಿ ದ್ರವದಂತೆ ಹರಿಯುತ್ತಿತ್ತು, ಹರಳಿನಂತೆ ಬೆಳಕನ್ನು ಸೀಳುತ್ತಿತ್ತು. ಉದ್ದನೆಯ ಕಡ್ಡಿಯಂಥ ಅಣುಗಳು ಎಲ್ಲೆಂದರಲ್ಲಿ ಚಲಿಸಿದರೂ ಒಂದೇ ದಿಕ್ಕಿಗೆ ಮುಖಮಾಡಿ ನಿಲ್ಲುವುದರಿಂದ ಹೀಗಾಗುತ್ತದೆ. ಇದು ಗೊತ್ತಾಗಿ ದಶಕಗಳು ಕಳೆದ ಮೇಲೂ ಏನು ಪ್ರಯೋಜನ ಎಂದು ಯಾರಿಗೂ ಗೊತ್ತಿರಲಿಲ್ಲ.

ಚಂದ್ರಶೇಖರ್ ಅದರಲ್ಲಿ ಕಂಡದ್ದು ತಮ್ಮ ಹಳೆಯ ಲೆಕ್ಕವನ್ನೇ. ಕೊಲೆಸ್ಟರಿಕ್ ಎಂಬ ಬಗೆಯಲ್ಲಿ ಅಣುಗಳ ದಿಕ್ಕು ಪದರದಿಂದ ಪದರಕ್ಕೆ ಸುರುಳಿಯಾಗಿ ತಿರುಗುತ್ತದೆ. ಆ ಸುರುಳಿಯ ಒಂದು ಸುತ್ತಿನ ಉದ್ದವೂ ನಾವು ಕಾಣುವ ಬೆಳಕಿನ ತರಂಗಾಂತರವೂ ಹೆಚ್ಚುಕಡಿಮೆ ಒಂದೇ ಅಳತೆಯವು. ಹಾಗಾದರೆ ಹರಳಿನ ಪದರಗಳಿಂದ ಎಕ್ಸ್-ರೇ ಪುಟಿಯುವ ಗಣಿತವನ್ನು ಇಲ್ಲಿ ಬೆಳಕಿಗೆ ಹಚ್ಚಬಹುದು. 1968ರಿಂದ 1971ರವರೆಗೆ ಅವರೂ ಅವರ ಮೈಸೂರಿನ ವಿದ್ಯಾರ್ಥಿಗಳೂ ಇದನ್ನು ಬರೆದರು, ಕೆ.ಎನ್. ಶ್ರೀನಿವಾಸರಾವ್, ಮುಂದೆ ಅದೇ ವಿಶ್ವವಿದ್ಯಾನಿಲಯದ ಕುಲಪತಿಯಾದ ಜೆ. ಶಶಿಧರ ಪ್ರಸಾದ್ ಆ ಲೇಖನಗಳ ಸಹಲೇಖಕರು. ಎಕ್ಸ್-ರೇ ಹರಳುಗಳಲ್ಲಿ ಬೋರ್ಮನ್ ಪರಿಣಾಮ ಎಂಬುದೊಂದಿದೆ: ಹೀರಿಕೊಳ್ಳಬೇಕಾದ ಹರಳು ಒಂದು ವಿಶೇಷ ಕೋನದಲ್ಲಿ ಕಿರಣವನ್ನು ಅಚ್ಚರಿಯಾಗುವಷ್ಟು ಹಾದುಹೋಗಲು ಬಿಡುತ್ತದೆ. ಬಣ್ಣ ಬೆರೆಸಿದ ಕೊಲೆಸ್ಟರಿಕ್‌ನಲ್ಲಿ ಬೆಳಕಿಗೂ ಹಾಗೇ ಆಗಬೇಕೆಂದು ಸಿದ್ಧಾಂತ ಹೇಳಿತು. ಸುರೇಶ್ 1976ರಲ್ಲಿ ಅದನ್ನು ಪ್ರಯೋಗದಲ್ಲಿ ತೋರಿಸಿದರು.

1970ರ ನವೆಂಬರ್ 21ರಂದು ರಾಮನ್ ನಿಧನರಾದರು. ಅವರ ಮಗ, ರೇಡಿಯೋ ಖಗೋಳವಿಜ್ಞಾನಿ ವಿ. ರಾಧಾಕೃಷ್ಣನ್ ಸಂಸ್ಥೆಯ ಹೊಣೆ ಹೊತ್ತು, ಹಳೆಯ ಹಟ ಬಿಟ್ಟು ಸರ್ಕಾರದ ನೆರವು ಪಡೆದರು. 1971ರಲ್ಲಿ ಚಂದ್ರಶೇಖರ್ ಮೈಸೂರಿನಿಂದ ಈ ಸಂಸ್ಥೆಗೆ ಬಂದು ದ್ರವ ಸ್ಫಟಿಕ ಪ್ರಯೋಗಾಲಯ ಕಟ್ಟತೊಡಗಿದರು. ಅದೇ ಸಮಯಕ್ಕೆ ಹೊರಗಿನ ಜಗತ್ತು ಬದಲಾಗಿತ್ತು. ಅಮೆರಿಕದ ಆರ್‌ಸಿಎ ಕಂಪನಿ 1968ರಲ್ಲಿ ದ್ರವ ಸ್ಫಟಿಕದ ಪರದೆ ತೋರಿಸಿತ್ತು. 1971ರಲ್ಲಿ ಷಾಟ್ ಮತ್ತು ಹೆಲ್ಫ್ರಿಶ್ ಸ್ವಿಟ್ಜರ್ಲೆಂಡಿನಲ್ಲಿ ಇವತ್ತಿನ ಎಲ್‌ಸಿಡಿಗೆ ಮೂಲವಾದ ತಿರುಚು ವಿನ್ಯಾಸ ಪ್ರಕಟಿಸಿದರು. 1973ರಲ್ಲಿ ಇಂಗ್ಲೆಂಡಿನ ಹಲ್ ನಗರದಲ್ಲಿ ಜಾರ್ಜ್ ಗ್ರೇ, ಕೋಣೆಯ ಉಷ್ಣತೆಯಲ್ಲೇ ಕೆಲಸ ಮಾಡುವ ಸೈನೋಬೈಫಿನೈಲ್ ಅಣುಗಳನ್ನು ತಯಾರಿಸಿದರು. ಹತ್ತು ವರ್ಷದ ಕೆಳಗೆ ಮೈಸೂರಿನಲ್ಲಿ ಬಡತನಕ್ಕೆ ಹೊಂದಿಕೊಂಡು ಆರಿಸಿದ ವಿಷಯ ಈಗ ಹಣದ ವಿಷಯವಾಗಿತ್ತು.

1973ರ ಡಿಸೆಂಬರ್‌ನಲ್ಲಿ ರಾಮನ್ ಸಂಸ್ಥೆಯಲ್ಲಿ ದ್ರವ ಸ್ಫಟಿಕಗಳ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ನನ್ನ ಪ್ರಕಾರ ಇಡೀ ಕಥೆಯ ತಿರುವು ಇದು. ಮೈಸೂರಿನಿಂದ ಬಂದ ಎನ್.ವಿ. ಮಧುಸೂದನ ಮತ್ತು ಚಂದ್ರಶೇಖರ್ ಅಲ್ಲಿ ಮಂಡಿಸಿದ ಸಿದ್ಧಾಂತ ಗ್ರೇ ಅವರ ಅಣುಗಳಿಗೇ ತಾಗುವಂಥದ್ದು. ಒಂದು ತುದಿಯಲ್ಲಿ ಬಲವಾದ ವಿದ್ಯುತ್ ಧ್ರುವ ಇರುವ ಅಣುಗಳು, ಎಲ್ಲವೂ ಒಂದೇ ಕಡೆ ತಲೆಮಾಡಿ ನಿಲ್ಲುವುದಿಲ್ಲ. ಪಕ್ಕದ್ದು ತಲೆಕೆಳಗಾಗಿ ನಿಂತು ಜೋಡಿಯಾಗುತ್ತದೆ ಎಂದರು. ಮುಂದಿನ ಎಕ್ಸ್-ರೇ ಅಧ್ಯಯನಗಳು ಹೌದೆಂದವು. ಸಿದ್ಧಾಂತ ಸರಿಯಾದದ್ದು ದೊಡ್ಡದೇ. ಆದರೆ ಅದನ್ನು ಹೇಳಿದಾಗ ಎದುರಿಗೆ ಕುಳಿತು ಕೇಳುವವರು ಇದ್ದರು ಎಂಬುದು ಅದಕ್ಕಿಂತ ದೊಡ್ಡದು. 1956ರಲ್ಲಿ ಪಂಚರತ್ನಂ ಎದುರಿಗೆ ಯಾರೂ ಇರಲಿಲ್ಲ.

ಬಿಲ್ಲೆಗಳ ಕಥೆಗೆ ಬರೋಣ. ದ್ರವ ಸ್ಫಟಿಕಕ್ಕೆ ಅಣು ಕಡ್ಡಿಯಾಕಾರದಲ್ಲೇ ಇರಬೇಕು ಎಂಬುದು ಆಗಿನ ನಂಬಿಕೆ. ಈ ಕ್ಷೇತ್ರದ ಹಿರಿಯ ರಸಾಯನವಿಜ್ಞಾನಿ, ಜರ್ಮನಿಯ ಡೇನಿಯಲ್ ಫೋರ್ಲ್ಯಾಂಡರ್ 1920ರ ದಶಕದಲ್ಲೇ ಎಲೆಯಂಥ ಚಪ್ಪಟೆ ಅಣುಗಳನ್ನು ಪರೀಕ್ಷಿಸಿ, ಅವು ದ್ರವ ಸ್ಫಟಿಕವಾಗುವುದಿಲ್ಲ ಎಂದಿದ್ದರು. ಚಪ್ಪಟೆ ಅಣುಗಳೂ ಸಾಲುಗಟ್ಟಬಾರದೇಕೆ ಎಂಬ ಪ್ರಶ್ನೆ ಸಿದ್ಧಾಂತದ ಕಡೆಯಿಂದ ಉಳಿದೇ ಇತ್ತು. ಚಂದ್ರಶೇಖರ್ ಮತ್ತು ಸದಾಶಿವ ಆರಿಸಿದ್ದು ಬೆಂಜೀನಿನ ಉಂಗುರಕ್ಕೆ ಆರೂ ಕಡೆ ಉದ್ದನೆಯ ಕೊಬ್ಬಿನಾಮ್ಲದ ಬಾಲ ಕಟ್ಟಿದ ಅಣುಗಳನ್ನು. ನಡುವೆ ಗಟ್ಟಿ ಬಿಲ್ಲೆ, ಸುತ್ತ ಮೆತ್ತಗಿನ ಬಾಲಗಳು. ಸದಾಶಿವ ಪ್ರಯೋಗಾಲಯದ ಸಾವಯವ ರಸಾಯನವಿಜ್ಞಾನಿ. ಭೌತವಿಜ್ಞಾನಿಗಳ ಗುಂಪಿನೊಳಗೇ ಅಣು ತಯಾರಿಸುವವರಿದ್ದದ್ದು ಆಗಿನ ಭಾರತದಲ್ಲಿ ಅಪರೂಪ. ಈ ಕಥೆಯಲ್ಲಿ ಅವರ ಪಾಲು ಸಿಗಬೇಕಾದಷ್ಟು ಎದ್ದು ಕಾಣುವುದಿಲ್ಲ.

ಕಾಯಿಸಿದಾಗ, 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಕೆಲವೇ ಡಿಗ್ರಿಗಳ ಸಂದಿನಲ್ಲಿ, ಹರಳೂ ಅಲ್ಲದ ತಿಳಿ ದ್ರವವೂ ಅಲ್ಲದ ಸ್ಥಿತಿಯೊಂದು ಕಂಡಿತು. ಎಕ್ಸ್-ರೇ ಚಿತ್ರಗಳು ಹೇಳಿದ ರಚನೆ ಇನ್ನೂ ಸೋಜಿಗದ್ದು. ಛತ್ರದ ಅಡುಗೆಮನೆಯಲ್ಲಿ ಪೇರಿಸಿಟ್ಟ ತಟ್ಟೆಗಳಂತೆ ಅಣುಗಳು ಒಂದರ ಮೇಲೊಂದು ಕುಳಿತು ಕಂಬಗಳಾಗಿದ್ದವು. ಕಂಬಗಳು ಪರಸ್ಪರ ಷಟ್ಕೋನದ ಜಾಲದಲ್ಲಿ ಅಚ್ಚುಕಟ್ಟಾಗಿ ನಿಂತಿದ್ದವು. ಆದರೆ ಒಂದೇ ಕಂಬದೊಳಗೆ ಬಿಲ್ಲೆ ಬಿಲ್ಲೆಯ ನಡುವಿನ ಅಂತರಕ್ಕೆ ನಿಯಮವಿರಲಿಲ್ಲ. ಎರಡು ದಿಕ್ಕಿನಲ್ಲಿ ಹರಳು, ಮೂರನೆಯ ದಿಕ್ಕಿನಲ್ಲಿ ದ್ರವ! ಅಕಾಡೆಮಿಯ ‘ಪ್ರಮಾಣ’ ಪತ್ರಿಕೆಯ 1977ರ ಸಂಚಿಕೆಯಲ್ಲಿ ಹತ್ತು ಪುಟಗಳ ಲೇಖನ ಬಂತು. ಆ ಪತ್ರಿಕೆಯ ಅತಿ ಹೆಚ್ಚು ಉಲ್ಲೇಖಗೊಂಡ ಲೇಖನಗಳಲ್ಲಿ ಅದು ಒಂದು.

ಮೊದಲು ಕಂಡವರು ಯಾರು ಎಂಬ ತಕರಾರು ಇಲ್ಲದಿಲ್ಲ. ಆಸ್ಟ್ರೇಲಿಯಾದ ಬ್ರೂಕ್ಸ್ ಮತ್ತು ಟೇಲರ್ 1965ರಲ್ಲೇ, ಕಲ್ಲಿದ್ದಲ ಟಾರನ್ನು 400 ಡಿಗ್ರಿಗೂ ಮೀರಿ ಕಾಯಿಸಿದಾಗ ಚಪ್ಪಟೆ ಅಣುಗಳ ದ್ರವ ಸ್ಫಟಿಕದಂಥ ಸ್ಥಿತಿ ಹುಟ್ಟುವುದನ್ನು ವರದಿ ಮಾಡಿದ್ದರು. ಅದು ನೂರಾರು ಬಗೆಯ ಅಣುಗಳ ಕಲಬೆರಕೆ, ಕಾಯುತ್ತಾ ಕಾಯುತ್ತಾ ಬದಲಾಗುವಂಥದ್ದು. ಶುದ್ಧವಾದ ಒಂದೇ ಸಂಯುಕ್ತದಲ್ಲಿ, ಮತ್ತೆ ಮತ್ತೆ ಕಾಯಿಸಿ ತಣಿಸಿ ತೋರಿಸಿದ, ಕಂಬಗಳ ರಚನೆ ಗುರುತಿಸಿದ ಶ್ರೇಯ ಬೆಂಗಳೂರಿನದೇ ಎಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಅದೇ 1977ರಲ್ಲಿ ಚಂದ್ರಶೇಖರ್ ಅವರ ದ್ರವ ಸ್ಫಟಿಕಗಳ ಗ್ರಂಥ ಕೇಂಬ್ರಿಜ್‌ನಿಂದ ಹೊರಬಂತು. ಫ್ರಾನ್ಸಿನ ಪಿಯರ್ ಜಿಲ್ ದ ಜೆನ್ ಅವರ 1974ರ ಗ್ರಂಥದ ಪಕ್ಕದಲ್ಲಿ ಪ್ರಪಂಚದ ವಿದ್ಯಾರ್ಥಿಗಳೆಲ್ಲ ಇಟ್ಟುಕೊಳ್ಳುವ ಪುಸ್ತಕವಾಯಿತು. 1982ರಲ್ಲಿ ಒಂಬತ್ತನೆಯ ಅಂತಾರಾಷ್ಟ್ರೀಯ ದ್ರವ ಸ್ಫಟಿಕ ಸಮ್ಮೇಳನವೂ ಬೆಂಗಳೂರಿಗೇ ಬಂತು.

ಇಷ್ಟರಲ್ಲಿ ತಮ್ಮನ ಲೇಖನ ಎಚ್ಚರಾಯಿತು. 1984ರಲ್ಲಿ ಬ್ರಿಸ್ಟಲ್‌ನ ಮೈಕೆಲ್ ಬೆರ್ರಿ, ಕ್ವಾಂಟಂ ವ್ಯವಸ್ಥೆಯೊಂದನ್ನು ನಿಧಾನವಾಗಿ ಒಂದು ಸುತ್ತು ಹಾಕಿಸಿ ಮೊದಲಿನ ಸ್ಥಿತಿಗೇ ತಂದರೂ ಅದರ ಅಲೆಯಲ್ಲಿ ಜ್ಯಾಮಿತಿಯ ಗುರುತೊಂದು ಉಳಿಯುತ್ತದೆ ಎಂದು ತೋರಿಸಿದ್ದರು. ಭೌತವಿಜ್ಞಾನದಲ್ಲಿ ದೊಡ್ಡ ಸದ್ದಾಯಿತು. ಹಿರಿಯಣ್ಣ ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ 1986ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು: ಇದು 1956ರಲ್ಲೇ ಬೆಳಕಿನಲ್ಲಿ ಕಂಡದ್ದು. ಬೆರ್ರಿ ಮರುವರ್ಷವೇ ತಮ್ಮ ಲೇಖನವೊಂದನ್ನು ಅದಕ್ಕೇ ಮೀಸಲಿಟ್ಟು ಒಪ್ಪಿಕೊಂಡರು. ಆ ಔದಾರ್ಯ ಎಲ್ಲರಲ್ಲೂ ಇರುವುದಿಲ್ಲ. ಪಂಚರತ್ನಂ ಬೆರ್ರಿಯವರ ಫಲಿತವನ್ನೇ ಮೊದಲು ಕಂಡಿದ್ದರೇ, ಅಥವಾ ಅದರ ಒಂದು ಉದಾಹರಣೆಯನ್ನಷ್ಟೇ ಕಂಡಿದ್ದರೇ? ರಾಮನ್ ಸಂಸ್ಥೆಯ ಜೋಸೆಫ್ ಸ್ಯಾಮ್ಯುಯೆಲ್ ಮತ್ತು ರಾಜೇಂದ್ರ ಭಂಡಾರಿ 1988ರಲ್ಲಿ ಕೊಟ್ಟ ಉತ್ತರ ಕುತೂಹಲಕರ: ಬೆರ್ರಿ ಹಾಕಿದ್ದ, ವ್ಯವಸ್ಥೆ ನಿಧಾನವಾಗಿ ಬದಲಾಗಬೇಕು, ಸುತ್ತು ಪೂರ್ತಿಯಾಗಬೇಕು ಎಂಬ ಷರತ್ತುಗಳು ಪಂಚರತ್ನಂ ನಿಯಮಕ್ಕೆ ಬೇಕಾಗಿಯೇ ಇಲ್ಲ, ಆ ನಿಯಮವನ್ನು ಬುನಾದಿಯಾಗಿ ಇಟ್ಟುಕೊಂಡರೆ ಇಡೀ ವಿಷಯ ಇನ್ನೂ ವಿಸ್ತಾರವಾಗುತ್ತದೆ. ಅದೇ ವರ್ಷ ಅವರಿಬ್ಬರೂ ಲೇಸರ್ ಬಳಸಿ ಈ ಪ್ರಾವಸ್ಥೆಯನ್ನು ಅಳೆದೂ ತೋರಿಸಿದರು. ಲೇಖನ ಎಬ್ಬಿಸಿದ್ದು ಪತ್ರಿಕೆಯಲ್ಲ, ಮತ್ತೆ ಮನೆಯವರು ಮತ್ತು ಅದೇ ಅಂಗಳದ ಕಿರಿಯರು.

1990ರಲ್ಲಿ ಚಂದ್ರಶೇಖರ್ 60 ತುಂಬಿ ನಿವೃತ್ತರಾದರು. ಆಗಲೇ ಸ್ಥಾಪನೆಯಾದ ಅಂತಾರಾಷ್ಟ್ರೀಯ ದ್ರವ ಸ್ಫಟಿಕ ಸಂಘಕ್ಕೆ ಮೊದಲ ಅಧ್ಯಕ್ಷರೂ ಆದರು. ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. 1991ರಲ್ಲಿ ದ್ರವ ಸ್ಫಟಿಕ ಸಂಶೋಧನಾ ಕೇಂದ್ರ ಹುಟ್ಟಿತು. ಜಾಗ ಕೊಟ್ಟದ್ದು ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್).

ಈ ವಿಳಾಸಕ್ಕೆ ತನ್ನದೇ ಇತಿಹಾಸವಿದೆ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಯುದ್ಧಕೈದಿಗಳನ್ನು ಇಟ್ಟಿದ್ದ ಬಯಲು ಜಾಲಹಳ್ಳಿ. ಸ್ವಾತಂತ್ರ್ಯದ ಬಳಿಕ ಎಚ್‌ಎಂಟಿ ಬಂತು, 1954ರಲ್ಲಿ ಬಿಇಎಲ್ ಸ್ಥಾಪನೆಯಾಯಿತು, 1970ರ ದಶಕದಲ್ಲಿ ಪಕ್ಕದ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಪೀಣ್ಯದ ಸಾಧಾರಣ ಶೆಡ್ಡುಗಳಲ್ಲೇ ಉಡುಪಿ ಕಡೆಯ ಯು.ಆರ್. ರಾವ್ ಅವರ ತಂಡ ‘ಆರ್ಯಭಟ’ ಉಪಗ್ರಹ ಕಟ್ಟಿ, 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿಸಿತು. ದ್ರವ ಸ್ಫಟಿಕ ಕೇಂದ್ರ ಇದ್ದ ರಸ್ತೆಗೆ ಮುಂದೆ ಪ್ರೊ. ಯು.ಆರ್. ರಾವ್ ಅವರದೇ ಹೆಸರು ಬಂತು. ಬಿಇಎಲ್ ಸ್ವತಃ ಸಣ್ಣ ಎಲ್‌ಸಿಡಿ ಫಲಕಗಳ ತಯಾರಿಕೆಗೆ ಇಳಿದಿದ್ದ ಕಂಪನಿ. ಸಿದ್ಧಾಂತಿಗೆ ಕಾರ್ಖಾನೆಯ ನೆರೆ, ಕಾರ್ಖಾನೆಗೆ ಸಿದ್ಧಾಂತಿಯ ನೆರೆ ಎಂಬ ಲೆಕ್ಕ ಇಬ್ಬರಲ್ಲೂ ಇದ್ದಿರಬೇಕು.

ಕೇಂದ್ರ 1995ರಲ್ಲಿ ಎಲೆಕ್ಟ್ರಾನಿಕ್ಸ್ ಇಲಾಖೆಯ ಸ್ವಾಯತ್ತ ಸಂಸ್ಥೆಯಾಯಿತು, 2003ರಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗೆ ಸೇರಿತು. ಚಂದ್ರಶೇಖರ್ ಅವರಿಗೆ 1994ರಲ್ಲಿ ರಾಯಲ್ ಸೊಸೈಟಿಯ ರಾಯಲ್ ಮೆಡಲ್, 1998ರಲ್ಲಿ ಪದ್ಮಭೂಷಣ ಬಂದವು. ಎಲ್ಲವೂ ಗೆಲುವಲ್ಲ. ಅಣುಗಳು ಒಂದೇ ದಿಕ್ಕಿಗಲ್ಲದೆ ಎರಡು ದಿಕ್ಕುಗಳಲ್ಲಿ ಸಾಲಾಗುವ, ಎರಡು ಅಕ್ಷಗಳ ನಿಮ್ಯಾಟಿಕ್ ಎಂಬ ಬಹುಕಾಲದಿಂದ ಹುಡುಕುತ್ತಿದ್ದ ಸ್ಥಿತಿ ತಮ್ಮ ಅಣುಗಳಲ್ಲಿ ಕಂಡಿತೆಂದು ಅವರ ಗುಂಪು 1988ರಲ್ಲಿ ಹೇಳಿತ್ತು. ಅದೇ ಕಾಲದಲ್ಲಿ ಬೇರೆ ದೇಶದವರೂ ಅಂಥದ್ದೇ ಹೇಳಿದ್ದರು. ಆಮೇಲಿನ ಪರೀಕ್ಷೆಗಳು ಆ ಕಾಲದ ಹೇಳಿಕೆಗಳನ್ನು ಪ್ರಶ್ನಿಸಿದವು, ವಾದ ಪೂರ್ತಿ ತೀರಿಲ್ಲ.

1994 ಒಂದು ವಿಚಿತ್ರ ವರ್ಷ; ಬಿಲ್ಲೆಗಳು ವಿದ್ಯುತ್ತನ್ನೂ ಚೆನ್ನಾಗಿ ಹರಿಸಬಲ್ಲವೆಂದು ಆಗ ಗೊತ್ತಾಯಿತು. ಸಾಮಾನ್ಯ ಪಾಲಿಮರ್‌ಗಳಲ್ಲಿ ಉದ್ದನೆಯ ಸರಪಳಿಗಳು ಗೋಜಲಾಗಿ ಬಿದ್ದಿರುತ್ತವೆ. ವಿದ್ಯುದಾವೇಶ ಅವುಗಳೊಳಗೆ ಹರಿಯುವುದಿಲ್ಲ, ಒಂದು ತಾಣದಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ಅವ್ಯವಸ್ಥೆ ಹೆಚ್ಚಿದಷ್ಟೂ ಎಡವುತ್ತದೆ. ಬಿಲ್ಲೆಗಳ ಕಂಬದಲ್ಲಾದರೆ ದಾರಿ ನೇರ. ಜರ್ಮನಿಯ ಹಾರರ್ ಮತ್ತು ರಿಂಗ್ಸ್‌ಡಾರ್ಫ್ ಅವರ ತಂಡ ಆ ವರ್ಷ, ಚೆನ್ನಾಗಿ ಜೋಡಣೆಯಾದ ಬಿಲ್ಲೆ ಅಣುಗಳಲ್ಲಿ ಆವೇಶಗಳು ಅಂಥ ಪಾಲಿಮರ್‌ಗಳಿಗಿಂತ ಎಷ್ಟೋ ವೇಗವಾಗಿ ಓಡುವುದನ್ನು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ನರೇಂದ್ರ ಕುಮಾರ್ ರಾಮನ್ ಸಂಸ್ಥೆಯ ನಿರ್ದೇಶಕರಾದರು. ಅವರ ಜೀವನದ ವಿಷಯವೇ ಅವ್ಯವಸ್ಥೆ. ಮೆಲ್ಲೋ ಮತ್ತು ಪೆರೇರಾ ಜೊತೆ 1988ರಲ್ಲಿ ಅವರು ಬರೆದ ಸಮೀಕರಣ ಅವ್ಯವಸ್ಥಿತ ವಾಹಕಗಳ ಸಿದ್ಧಾಂತಕ್ಕೆ ಅಡಿಗಲ್ಲು. 1994ರಲ್ಲಿ ಪ್ರಭಾಕರ್ ಪ್ರಧಾನ್ ಜೊತೆ ಅವರು ಲೆಕ್ಕ ಹಾಕಿದ್ದು, ಅಡ್ಡಾದಿಡ್ಡಿ ಮಾಧ್ಯಮವೊಂದು ಬೆಳಕನ್ನು ಚದುರಿಸುವುದಷ್ಟೇ ಅಲ್ಲದೆ ವರ್ಧಿಸಲೂ ತೊಡಗಿದರೆ ಏನಾಗುತ್ತದೆ ಎಂಬುದನ್ನು. ಶಿಸ್ತಿನ ಸಾಲುಗಳನ್ನು ಹುಡುಕುವವರೂ, ಶಿಸ್ತು ಕೆಟ್ಟಾಗ ಅಲೆಗೆ ಏನಾಗುತ್ತದೆಂದು ಕೇಳುವವರೂ, ಒಂದೇ ಊರಿನ ಒಂದೇ ಪರಂಪರೆಯವರು. ದ ಜೆನ್ ಅವರಿಗೆ 1991ರ ನೊಬೆಲ್ ಬಂದದ್ದೂ ದ್ರವ ಸ್ಫಟಿಕ ಮತ್ತು ಪಾಲಿಮರ್ ಎರಡನ್ನೂ ಒಂದೇ ಸಿದ್ಧಾಂತದ ಕಣ್ಣಿನಿಂದ ನೋಡಿದ್ದಕ್ಕೆ.

ಬಿಲ್ಲೆಗಳಿಗೆ ದೊಡ್ಡ ಮಾರುಕಟ್ಟೆ ಸಿಕ್ಕಿದ್ದು ಮಾತ್ರ ವಿದ್ಯುತ್ ಹರಿಸುವುದರಲ್ಲಲ್ಲ. ಹಳೆಯ ಎಲ್‌ಸಿಡಿ ಮಾನಿಟರ್ ನೆನಪಿರುವವರಿಗೆ ಗೊತ್ತು: ನೇರ ನೋಡಿದರೆ ಚಿತ್ರ, ಪಕ್ಕಕ್ಕೆ ಸರಿದರೆ ಕಪ್ಪು ಬೂದಿಯಾಗಿ ಬಣ್ಣ ತಿರುಗಮುರುಗ. ಪರದೆಯೊಳಗಿನ ಕಡ್ಡಿ ಅಣುಗಳು, ಗಾಜಿಗೆ ಅಂಟಿದ ಕಡೆ ಪೂರ್ತಿ ನೆಟ್ಟಗಾಗದೆ ಓರೆಯಾಗಿ ಉಳಿಯುವುದೇ ಕಾರಣ. ಓರೆ ಕಿರಣದ ಧ್ರುವೀಕರಣ ಕೆಟ್ಟು ಬೆಳಕು ಸೋರುತ್ತದೆ. ಕಡ್ಡಿ ಅಣು ಬೆಳಕಿಗೆ ಏನು ಮಾಡುತ್ತದೋ ಬಿಲ್ಲೆ ಅಣು ಅದರ ವಿರುದ್ಧ ಮಾಡುತ್ತದೆ. ಜಪಾನಿನ ಫ್ಯೂಜಿ ಕಂಪನಿ 1990ರ ದಶಕದ ಮಧ್ಯದಲ್ಲಿ ಬಿಲ್ಲೆ ಅಣುಗಳ ತೆಳು ಪದರವೊಂದನ್ನು, ಕಡ್ಡಿಗಳ ಓರೆಗೆ ಪ್ರತಿ ಓರೆಯಾಗಿ ಹಂತಹಂತವಾಗಿ ವಾಲಿಸಿ, ಹಾಗೇ ಪಾಲಿಮರ್ ಆಗಿ ಗಟ್ಟಿಗೊಳಿಸಿ, ಹಾಳೆಯಾಗಿ ಮಾರಿತು. ಪರದೆಗೆ ಅಂಟಿಸಿದರೆ ಸೋರಿಕೆ ನಿಲ್ಲುತ್ತಿತ್ತು. ಫ್ಯೂಜಿ ಬಳಸಿದ್ದು ಟ್ರೈಫಿನೈಲೀನ್ ಬಳಗದ ಅಣು. ಆ ಬಳಗವನ್ನು ದ್ರವ ಸ್ಫಟಿಕವಾಗಿಸಿದವರು 1978ರಲ್ಲಿ ಬೆಂಗಳೂರಿನ ಲೇಖನದ ಬೆನ್ನಲ್ಲೇ ಕೆಲಸ ಮಾಡಿದ ಫ್ರೆಂಚರು. ಹಾಗಾಗಿ ಅದು ನಮ್ಮ ಅಣುವೆಂದು ಬೀಗುವುದು ಸರಿಯಲ್ಲ. ದಾರಿ ತೆರೆದದ್ದು ಇಲ್ಲಿಂದ, ಅಷ್ಟೇ.

ಆ ದಾರಿ ತಿರುಗಿ ಬೆಂಗಳೂರಿಗೇ ಬಂತು, ಆಮದು ಸರಕಾಗಿ. ಬಿಲ್ಲೆಗಳ ಲೇಖನ ಬಂದ ಮರುವರ್ಷ, 1978ರಲ್ಲಿ, ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್, ತನ್ನ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ, ಹೊಸೂರು ರಸ್ತೆಯಲ್ಲಿ 332 ಎಕರೆಯ ಎಲೆಕ್ಟ್ರಾನಿಕ್ಸ್ ಸಿಟಿ ಶುರುಮಾಡಿತ್ತು. 1994ರಲ್ಲಿ ಇನ್ಫೋಸಿಸ್ ಅಲ್ಲಿಗೆ ಬಂತು. 1990ರ ದಶಕ ಮುಗಿಯುವುದರೊಳಗೆ ವೈಟ್‌ಫೀಲ್ಡ್‌ನಲ್ಲಿ ಐಟಿ ಪಾರ್ಕ್ ಎದ್ದಿತು. 2000ದ ದಶಕದಲ್ಲಿ ದಪ್ಪ ಬೆನ್ನಿನ ಮಾನಿಟರ್‌ಗಳು ಹೋಗಿ ಆ ಕಟ್ಟಡಗಳ ಮೇಜುಗಳ ಮೇಲೆಲ್ಲ ಚಪ್ಪಟೆ ಪರದೆಗಳು ಬಂದಾಗ, ಅಂಥ ಎಷ್ಟೋ ಪರದೆಗಳಲ್ಲಿ ಬಿಲ್ಲೆ ಅಣುಗಳ ಹಾಳೆ ಇತ್ತು. ಊರಿನ ಒಂದು ತುದಿಯಲ್ಲಿ ಜಾಲಹಳ್ಳಿಯ ಕೇಂದ್ರ, ಇನ್ನೊಂದು ತುದಿಯಲ್ಲಿ ಅದರ ಬಳಕೆದಾರರು. ನಡುವೆ ಜಪಾನ್, ಕೊರಿಯಾ, ತೈವಾನ್.

ಅಣ್ಣ ತಮ್ಮಂದಿರ ಕೆಲಸ ಕೂಡಿಕೊಂಡದ್ದು ಇಬ್ಬರೂ ತೀರಿಕೊಂಡ ಮೇಲೆ. ಚಂದ್ರಶೇಖರ್ 2004ರ ಮಾರ್ಚ್ 8ರಂದು ನಿಧನರಾದರು. ಅದಕ್ಕೆ ಕೆಲವೇ ವರ್ಷ ಮೊದಲು ಇಸ್ರೇಲಿನ ಹಸ್ಮಾನ್ ಗುಂಪು, ಗಾಜಿನ ದಪ್ಪದಿಂದಲ್ಲದೆ ಪಂಚರತ್ನಂ ಪ್ರಾವಸ್ಥೆಯಿಂದ ಬೆಳಕನ್ನು ಬಾಗಿಸುವ ಚಪ್ಪಟೆ ಘಟಕಗಳನ್ನು ಮಾಡಿತ್ತು. ಒಂದೊಂದು ಬಿಂದುವಿನಲ್ಲೂ ಧ್ರುವೀಕರಣ ಗೋಳದ ಮೇಲೆ ಬೇರೆ ಬೇರೆ ದಾರಿ ಹಿಡಿಯುವಂತೆ ಮಾಡಿದರೆ, ಮಸೂರದ ಕೆಲಸ ತೆಳು ಹಾಳೆಯೇ ಮಾಡುತ್ತದೆ. ಇದಕ್ಕೆ ತಕ್ಕ ಸಾಮಗ್ರಿ, ಬೇಕಾದ ಕಡೆಗೆ ದಿಕ್ಕು ತಿರುಗಿಸಿ ಪಾಲಿಮರ್ ಆಗಿ ಗಟ್ಟಿಗೊಳಿಸಿದ ದ್ರವ ಸ್ಫಟಿಕ. 2010ರಲ್ಲಿ ಅಮೆರಿಕದ ಪಾಲೋಮಾರ್ ವೀಕ್ಷಣಾಲಯದಲ್ಲಿ ಅಂಥದೊಂದು ಘಟಕದಿಂದ ನಕ್ಷತ್ರದ ಪ್ರಖರ ಬೆಳಕನ್ನು ಅಡಗಿಸಿ, ಎಚ್‌ಆರ್ 8799 ಎಂಬ ನಕ್ಷತ್ರದ ಸುತ್ತಲ ಮೂರು ಗ್ರಹಗಳ ಚಿತ್ರ ತೆಗೆದರು. ಬಳಸಿದ್ದು ದೂರದರ್ಶಕದ ಒಂದೂವರೆ ಮೀಟರ್ ಭಾಗ ಮಾತ್ರ.

ಜಾಲಹಳ್ಳಿಯ ಕೇಂದ್ರ 2010ರಲ್ಲಿ ಮೃದು ದ್ರವ್ಯ ಸಂಶೋಧನಾ ಕೇಂದ್ರವಾಗಿ, 2014ರಲ್ಲಿ ನ್ಯಾನೋ ಮತ್ತು ಮೃದು ದ್ರವ್ಯ ವಿಜ್ಞಾನಗಳ ಕೇಂದ್ರವಾಗಿ ಹೆಸರು ಬದಲಿಸಿ, ಈಗ ತುಮಕೂರು ರಸ್ತೆಯ ಆಚೆ, ದಾಸನಪುರ ಹೋಬಳಿಯ ಶಿವನಪುರದಲ್ಲಿ ನೆಲೆಸಿದೆ. ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ 76,000 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಯೋಜನೆ ಪ್ರಕಟಿಸಿದಾಗ ಪರದೆ ಫಲಕಗಳ ಕಾರ್ಖಾನೆಗಳನ್ನೂ ಅದರೊಳಗೆ ಸೇರಿಸಿತು. ಫಲಕವೆಂದರೆ ಗಾಜು, ಟ್ರಾನ್ಸಿಸ್ಟರ್ ಜಾಲ, ಬಣ್ಣದ ಸೋಸಕ, ಧ್ರುವಕ, ಹಾಳೆ, ಕೊನೆಗೆ ಕೆಲವು ಮೈಕ್ರಾನ್ ಸಂದಿನಲ್ಲಿ ತುಂಬುವ ದ್ರವ ಸ್ಫಟಿಕದ ಮಿಶ್ರಣ. ಮೊದಲಿನವಕ್ಕೆಲ್ಲ ಸಾವಿರಾರು ಕೋಟಿಯ ಬಂಡವಾಳ ಬೇಕು, ಅದು ನಮ್ಮಲ್ಲಿರಲಿಲ್ಲ ಎಂದರೆ ಒಪ್ಪಬಹುದು. ಕೊನೆಯದಕ್ಕೆ ಬೇಕಿದ್ದದ್ದು ರಸಾಯನವಿಜ್ಞಾನಿಗಳು, ಸಿದ್ಧಾಂತಿಗಳು ಮತ್ತು ತಾಳ್ಮೆ. ಮೂರೂ 1970ರ ದಶಕದಿಂದ ಬೆಂಗಳೂರಿನಲ್ಲಿದ್ದವು. ಆದರೂ ದಶಕಗಳ ಕಾಲ ಆ ಮಿಶ್ರಣದ ಮಾರುಕಟ್ಟೆ ಆಳಿದ್ದು ಜರ್ಮನಿಯ ಮರ್ಕ್ ಮತ್ತು ಜಪಾನಿನ ಒಂದೆರಡು ಕಂಪನಿಗಳು. ಬಿಇಎಲ್ ರಕ್ಷಣಾ ಎಲೆಕ್ಟ್ರಾನಿಕ್ಸ್ ಕಡೆಗೇ ಹೊರಳಿತು, ಪೀಣ್ಯದ ಸಣ್ಣ ಉದ್ಯಮಗಳು ಯಂತ್ರದ ಬಿಡಿಭಾಗಗಳಲ್ಲೇ ಉಳಿದವು, ಖಾಸಗಿ ಬಂಡವಾಳಕ್ಕೆ ಸಾಫ್ಟ್‌ವೇರ್ ಇನ್ನೂ ಸಲೀಸಾಗಿ ಕಂಡಿತು.